ಬ್ಯಾಕಪ್

ಇಂಗ್ಲಿಷಿನ ಬ್ಯಾಕಪ್ ಪದದೊಳಗಿರುವುದು ಬೆನ್ನು. ಕಂಪ್ಯೂಟರಿಗೆ ಬರುವ ಮೊದಲೇ ಅದಕ್ಕೆ ಬೆನ್ನಿಗೆ ನಿಲ್ಲುವುದು, ಆಸರೆಯಾಗುವುದು ಎಂಬ ಅರ್ಥವಿತ್ತು. ನಮ್ಮ ‘ಬೆಂಬಲ’ವೂ ಬೆನ್ನು, ಬಲ ಕೂಡಿ ಆದದ್ದೇ. ಬಳಕೆಯಲ್ಲಿ ಮಾತ್ರ ಈ ಪದ ‘ಇನ್ನೊಂದು ಪ್ರತಿ’ ಎಂಬಷ್ಟಕ್ಕೆ ಕುಗ್ಗಿದೆ. ಫೋಟೊಗಳನ್ನು ಪೆನ್‌ಡ್ರೈವಿಗೆ ಹಾಕಿದರೆ ಬ್ಯಾಕಪ್ ಆಯಿತು ಎನ್ನುತ್ತೇವೆ. ಹಳೆಯ ಅರ್ಥವೇ ಸರಿಯಾದ ಅಳತೆಗೋಲು ಎಂಬುದು ನನ್ನ ವಾದ: ಮರಳಿ ಪಡೆಯಲಾಗದ ಪ್ರತಿಗೆ ಆ ಹೆಸರು ಸಲ್ಲದು. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ತಪ್ಪು ಆದೇಶವೊಂದು ‘ಟಾಯ್ ಸ್ಟೋರಿ 2’ ಚಿತ್ರದ ಬಹುಪಾಲು ಕಡತಗಳನ್ನು ಅಳಿಸಿಹಾಕಿತು. ಬ್ಯಾಕಪ್ ಎಂದು ನಂಬಿದ್ದ ವ್ಯವಸ್ಥೆಯೂ ಕೈಕೊಟ್ಟಿತು. ಚಿತ್ರ ಉಳಿದದ್ದು ಚಿತ್ರತಂಡದ ಗೇಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ. ಹಸುಗೂಸಿದ್ದುದರಿಂದ ಅವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಪ್ರತಿ ಅಲ್ಲಿದ್ದದ್ದು ಕೆಲಸಕ್ಕೆಂದು, ಬ್ಯಾಕಪ್ಪಿಗೆಂದಲ್ಲ.

ಎಲ್ಲವೂ ಕ್ಲೌಡಿನಲ್ಲಿದೆಯಲ್ಲ ಎನ್ನಬಹುದು. ಆದರೆ ಅಲ್ಲಿ ಸಾಮಾನ್ಯವಾಗಿ ನಡೆಯುವುದು ಸಿಂಕ್, ಅದು ನೆರಳಿನಂತೆ: ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಹೆಚ್ಚೆಂದರೆ ಕಸದಬುಟ್ಟಿಯಲ್ಲಿ ಕೆಲವು ದಿನ ಉಳಿದೀತು. ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕ್, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್‌ಸಮ್‌ವೇರಿಗೂ ಸಿಕ್ಕಿಬೀಳುತ್ತದೆ. ಜನ ಆಡಿದ್ದೇ ಪದದ ಅರ್ಥ, ಕಟ್ಟುನಿಟ್ಟು ಏಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಒಪ್ಪುತ್ತೇನೆ, ಆದರೆ ತಂತ್ರಜ್ಞರ ಮಾತಿನಲ್ಲಿ ‘ರಿಸ್ಟೋರ್’, ಅಂದರೆ ಮರಳಿ ಪಡೆಯುವುದು, ಇಂದಿಗೂ ಬ್ಯಾಕಪ್ಪಿನ ಜೋಡಿಪದ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲೋ ಬೇರೆ ಕಟ್ಟಡದಲ್ಲೋ ಎಂಬ ಪ್ರಸಿದ್ಧ 3-2-1 ಸೂತ್ರ ಕೂಡ ಪ್ರತಿಗಳನ್ನು ಎಣಿಸುತ್ತದೆ, ಅವು ತೆರೆಯುತ್ತವೆಯೇ ಎಂದು ಕೇಳುವುದಿಲ್ಲ. ‘ಮೀಸಲು ಪ್ರತಿ’ ಎಂಬ ಕನ್ನಡ ಪದಕ್ಕೂ ಅದೇ ಕೊರತೆ. ನಿಮ್ಮ ಬ್ಯಾಕಪ್ಪಿನಿಂದ ಹಳೆಯ ಕಡತವೊಂದನ್ನು ಬೇರೆ ಕಂಪ್ಯೂಟರಿನಲ್ಲಿ ಇವತ್ತೇ ತೆರೆದು ನೋಡಿ.