ರೀಲು ಉಳಿದರೆ ತಾನೆ ಪಟ್ಟಿ!

ಊರಿಗೆ ಹೊರಟರೆ ಮತ್ಸ್ಯಗಂಧ ರೈಲು ಹಿಡಿಯುವ ಟರ್ಮಿನಸ್, ಮದುವೆ-ಸಭೆಗಳಿಗೆ ನೆರೆಯುವ ಬಂಟರ ಭವನ. ಮುಂಬಯಿಯ ತುಳು-ಕನ್ನಡಿಗರಿಗೆ ಕುರ್ಲಾ ಎಂದರೆ ಮೊದಲು ನೆನಪಾಗುವುದು ಇವೆರಡು. ಸಿನಿಮಾ ಹುಚ್ಚಿನವರು ಎಲ್.ಬಿ.ಎಸ್. ಮಾರ್ಗದ ಕಲ್ಪನಾ, ಭಾರತ್ ಟಾಕೀಸುಗಳ ಹೆಸರನ್ನೂ ಸೇರಿಸಿಯಾರು. ಗಿರಣಿಯ ಪಾಳಿ ಮುಗಿಸಿದವರು, ಹೋಟೆಲಿನ ಹುಡುಗರು ತಮ್ಮ ಪಾಲಿನ ಶ್ರೇಷ್ಠ ಚಿತ್ರವನ್ನು ಕಂಡುಕೊಂಡದ್ದು ಇಂಥ ಟಾಕೀಸುಗಳ ಕತ್ತಲಲ್ಲೇ. ಅವರ ಮತವನ್ನು ಯಾವ ಪಟ್ಟಿಯೂ ಕೇಳಲಿಲ್ಲ. ಹಾಗಾದರೆ ಜಗತ್ತಿನ ‘ಸಾರ್ವಕಾಲಿಕ ಶ್ರೇಷ್ಠ’ ಪಟ್ಟಿಗಳು ಇಷ್ಟು ವರ್ಷ ಅಳೆಯುತ್ತ ಬಂದದ್ದು ಏನನ್ನು?

ಈ ಪಟ್ಟಿಗಳ ಚರಿತ್ರೆ ತೀರ ಹಳೆಯದಲ್ಲ. 1952ರಲ್ಲಿ ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ಮತ ಕೇಳಿತು. ಗೆದ್ದದ್ದು ನಾಲ್ಕೇ ವರ್ಷ ಹಳೆಯದಾಗಿದ್ದ ‘ಬೈಸಿಕಲ್ ಥೀವ್ಸ್’. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ 26 ದೇಶಗಳ 117 ಮಂದಿ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಚಿತ್ರವನ್ನು ಮೊದಲ ಸ್ಥಾನಕ್ಕೇರಿಸಿದರು. 1941ರ ‘ಸಿಟಿಜನ್ ಕೇನ್’ ‘ಸೈಟ್ ಅಂಡ್ ಸೌಂಡ್’ನ 1952ರ ಮೊದಲ ಹತ್ತರಲ್ಲಿ ಇರಲೇ ಇಲ್ಲ; 1962ರಲ್ಲಿ ಅದೇ ಚಿತ್ರ ಮೊದಲನೆಯದಾಗಿ, ಮುಂದಿನ ಐವತ್ತು ವರ್ಷ ಅಲುಗಲಿಲ್ಲ. ಚಿತ್ರದ ಒಂದು ಚೌಕಟ್ಟೂ ಬದಲಾಗಿರಲಿಲ್ಲ. ನಡುವೆ ಅದು ಮರುಬಿಡುಗಡೆಯಾಗಿತ್ತು, ಅಮೆರಿಕದ ಟಿ.ವಿ.ಯಲ್ಲಿ ಬಂದಿತ್ತು.

2012ರಲ್ಲಿ 846 ಮಂದಿ ಮತ ಹಾಕಿದಾಗ ‘ವರ್ಟಿಗೋ’ ಚಿತ್ರ ‘ಕೇನ್’ ಅನ್ನು ಕೆಳಗಿಳಿಸಿತು. 2022ರಲ್ಲಿ ಮತದಾರರು 1,600 ದಾಟಿದರು. ಆಗ ಮೊದಲ ಸ್ಥಾನಕ್ಕೆ ಬಂದದ್ದು ಶಾಂತಾಲ್ ಆಕರ್‌ಮನ್ನರ ‘ಜೀನ್ ಡೀಲ್‌ಮನ್’. ಒಬ್ಬ ಹೆಂಗಸು ಆಲೂಗಡ್ಡೆ ಸುಲಿಯುವುದನ್ನು, ಪಾತ್ರೆ ತೊಳೆಯುವುದನ್ನು ಮೂರು ತಾಸಿಗೂ ಮಿಕ್ಕಿ ತೋರಿಸುವ 1975ರ ಈ ಚಿತ್ರ ಹಿಂದಿನ ಸಲ 36ನೆಯದಾಗಿತ್ತು. ಚಿತ್ರ ಜನರ ಕಣ್ಣಿಗೆ ಮತ್ತೆ ಬಿದ್ದರೆ ಪಟ್ಟಿ ಬದಲಾಗುತ್ತದೆ. ನೋಡುವ ಕಣ್ಣು ಬೇರೆಯಾದರೂ ಬದಲಾಗುತ್ತದೆ. ಎರಡೂ ಆಗದ ಚಿತ್ರ ಎಷ್ಟೇ ದೊಡ್ಡದಿರಲಿ, ಬಾಗಿಲ ಹೊರಗೇ.

ನಮ್ಮ ದೇಶಕ್ಕೆ ಬರೋಣ. 2022ರಲ್ಲಿ ಅಂತರರಾಷ್ಟ್ರೀಯ ಚಿತ್ರ ವಿಮರ್ಶಕರ ಒಕ್ಕೂಟ ಫಿಪ್ರೆಸ್ಕಿಯ ಭಾರತ ಘಟಕ ಹತ್ತು ಶ್ರೇಷ್ಠ ಭಾರತೀಯ ಚಿತ್ರಗಳನ್ನು ಆರಿಸಿತು. ‘ಪಥೇರ್ ಪಾಂಚಾಲಿ’ ಮೊದಲು, ‘ಶೋಲೆ’ ಹತ್ತನೆಯದು, ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಐದನೆಯದು. ಕನ್ನಡಿಗರು ಹಿಗ್ಗಿದ್ದು ಸಹಜ. ಹಿಗ್ಗು ಇಳಿದ ಮೇಲೆ ಲೆಕ್ಕ ಹಾಕಿ ನೋಡಿ: ಹಿಂದಿ ಐದು, ಬಂಗಾಳಿ ಮೂರು, ಮಲಯಾಳಂ ಒಂದು, ಕನ್ನಡ ಒಂದು. ತಮಿಳು, ತೆಲುಗು, ಮರಾಠಿ ಸೊನ್ನೆ. ಒಬ್ಬ ನಿರ್ದೇಶಕಿಯೂ ಇಲ್ಲ. 1955ರಿಂದ ಎಂಬತ್ತರ ದಶಕದ ಆರಂಭದವರೆಗೆ ಮಾತ್ರ ನಾವು ಒಳ್ಳೆಯ ಸಿನಿಮಾ ಮಾಡಿದೆವೋ ಎಂಬಂತಿದೆ.

ಕಾಸರವಳ್ಳಿಯವರಿಗೆ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಹೀಗೆ ನಾಲ್ಕು ಸಲ ಸ್ವರ್ಣ ಕಮಲ ಬಂದಿದೆ. ಹತ್ತರ ಪಟ್ಟಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಮಣೆ. ಅಡುಗೆಮನೆಯ ಹೆಂಗಸಿಗೆ ಲಂಡನ್ನಿನಲ್ಲಿ ಪಟ್ಟ ಕಟ್ಟಿದಾಗ ನನಗೆ ನೆನಪಾದದ್ದು ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ ‘ಫಣಿಯಮ್ಮ’. ಬಾಲವಿಧವೆಯೊಬ್ಬಳ ಮಡಿಯ ಬದುಕನ್ನು ಅಷ್ಟೇ ತಾಳ್ಮೆಯಿಂದ ನೋಡಿದ ಚಿತ್ರ ಅದು. ಇನ್ನು ‘ಶೋಲೆ’ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು, ಹತ್ತರೊಳಗೆ ಬಂತು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ‘ಬಂಗಾರದ ಮನುಷ್ಯ’ (1972) ನೋಡಿ ಎಷ್ಟೋ ಮಂದಿ ಹಳ್ಳಿಗೆ ಮರಳಿದರೆಂದು ಹೇಳುತ್ತಾರೆ. ಆ ಚಿತ್ರ ಬರಲಿಲ್ಲ. 1971ರಲ್ಲಿ ‘ಎನ್ನ ತಂಗಡಿ’ಯಿಂದ ಶುರುವಾದ ತುಳು ಚಿತ್ರರಂಗದ ಮಾತಂತೂ ದೂರವೇ ಉಳಿಯಿತು.

ಇವೆಲ್ಲ ವಾದಕ್ಕಾದರೂ ಸಿಗುವ ಚಿತ್ರಗಳು. ವಾದಕ್ಕೂ ಸಿಗದವು ಬೇರೆ ಇವೆ. 1931ರಲ್ಲಿ ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ತೆರೆಕಂಡ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ಒಂದು ಪ್ರತಿಯೂ ಉಳಿದಿಲ್ಲ. ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾದ 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಗತಿಯೂ ಅಷ್ಟೇ. ಹಳೆಯ ನೈಟ್ರೇಟ್ ರೀಲು ಬೆಂಕಿಗೆ ಬೇಗ ತುತ್ತಾಗುತ್ತಿತ್ತು. ಅದರೊಳಗಿನ ಬೆಳ್ಳಿಗಾಗಿ ಕರಗಿಸಿ ಮಾರಿದವರೂ ಇದ್ದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗುವ ಹೊತ್ತಿಗೆ ಇಸವಿ 1964. ಅಲ್ಲಿನ ಪಿ.ಕೆ. ನಾಯರ್ ಡಬ್ಬ ಡಬ್ಬ ಹುಡುಕಿ ತಂದದ್ದು ಉಳಿಯಿತು, ಉಳಿದದ್ದು ಹೋಯಿತು.

‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಉಳಿದಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದಕ್ಕೆ ಹೊಸ ಜೀವ ಕೊಟ್ಟವು. 2024ರಲ್ಲಿ ಅದು ವೆನಿಸ್‌ನಲ್ಲಿ ಮತ್ತೆ ತೆರೆಕಂಡಿತು. ಮುಂದಿನ ಪಟ್ಟಿಯಲ್ಲಿ ಅದು ಮೇಲೇರಿದರೆ ಚಿತ್ರದ ಗುಣದ ಜೊತೆಗೆ ಆ ನೆಗೆಟಿವ್ ಜೋಪಾನವಾಗಿದ್ದುದಕ್ಕೂ ಕೈಮುಗಿಯಬೇಕು.

ಪ್ರೇಕ್ಷಕನ ಮಾತನ್ನು ಪಟ್ಟಿಗಳಿಗಿಂತ ನಮ್ಮ ಕಥೆಗಾರರೇ ಚೆನ್ನಾಗಿ ಕೇಳಿಸಿಕೊಂಡಿದ್ದಾರೆ. ಜಯಂತ ಕಾಯ್ಕಿಣಿಯವರ ‘ಒಪೆರಾ ಹೌಸ್’ ಕಥೆಯಲ್ಲಿ ಟಾಕೀಸು ಗುಡಿಸುವವನ ಕೈಗೆ ಯಾರೋ ಮರೆತುಹೋದ ಫ್ಲಾಸ್ಕ್ ಸಿಗುತ್ತದೆ. ಅದನ್ನು ಹಾಗೇ ಬಿಡಲು ಅವನಿಗಾಗುವುದಿಲ್ಲ. ಪಟ್ಟಿ ಮಾಡುವವರಿಗೆ ಬೇಕಾದದ್ದು ಆ ಗುಣವೇ. ಹತ್ತು ಶ್ರೇಷ್ಠ ಚಿತ್ರ ಯಾವುವು ಎಂದು ಯಾರಾದರೂ ಕೇಳಿದರೆ ಹೇಳೋಣ, ಜಗಳವನ್ನೂ ಆಡೋಣ. ಅದಕ್ಕೆ ಮುಂಚೆ ಒಂದು ಮಾತು ಕೇಳಿಬಿಡೋಣ: ಪ್ರಿಂಟು ಎಲ್ಲಿದೆ?