ಯಂತ್ರ ಹಾಡುವ ದನಿ ಯಾರದು?

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸುತ್ತಿನ ಬಯಲು ಪದ ಹಾಡುವವರ ಸೀಮೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರು ನೆನಪಿನಿಂದಲೇ ಹಾಡಿದ ಪದಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ಪ್ರಕಟಿಸಿದರು. ಪದ ಪುಸ್ತಕಕ್ಕೆ ಬಂತು. ದನಿ ಪುಸ್ತಕಕ್ಕೆ ಬರುವಂಥದಲ್ಲ. ಈಗಲಾದರೋ ಒಬ್ಬರ ದನಿಯನ್ನು ಹಿಡಿದಿಟ್ಟು, ಅವರು ಎಂದೂ ಹಾಡದ ಹಾಡನ್ನು ಅದರಿಂದ ಹಾಡಿಸುವ ವಿದ್ಯೆಯೂ ಬಂದಿದೆ.

ಇದರ ಮೊದಲ ಪ್ರಯೋಗ ಹಳೆಯದೇ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗಣಕಯಂತ್ರವೊಂದು ‘ಡೈಸಿ ಬೆಲ್’ ಎಂಬ ಹಳೆಯ ಗೀತೆಯನ್ನು ಹಾಡಿತು. ಅದನ್ನು ಕೇಳಿದ ಆರ್ಥರ್ ಸಿ. ಕ್ಲಾರ್ಕ್, ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಸಾಯುತ್ತಿರುವ ಗಣಕದ ಬಾಯಿಗೆ ಅದೇ ಹಾಡನ್ನು ಕೊಟ್ಟರು. ಆ ದನಿ ಯಾರ ಗಂಟಲಿನದೂ ಆಗಿರಲಿಲ್ಲ; ಗಣಿತದಿಂದ ಹುಟ್ಟಿದ್ದು.

ಜಪಾನಿನ ಯಮಹಾ ಸಂಸ್ಥೆ ಹಿಡಿದ ದಾರಿ ಬೇರೆ. ಅದರ ‘ವೊಕಲಾಯ್ಡ್’ ತಂತ್ರಾಂಶದಲ್ಲಿ ಒಬ್ಬ ಮನುಷ್ಯನಿಂದ ಉಚ್ಚಾರಗಳನ್ನು ಹೇಳಿಸಿ, ಧ್ವನಿಮುದ್ರಿಸಿ, ಸಣ್ಣ ತುಣುಕುಗಳಾಗಿ ಕತ್ತರಿಸಿ ಇಡುತ್ತಾರೆ. ಬಳಸುವವನು ಸ್ವರವನ್ನೂ ಸಾಹಿತ್ಯವನ್ನೂ ಕೊಟ್ಟರೆ ಯಂತ್ರ ತುಣುಕುಗಳನ್ನು ಬೆಸೆದು ಹಾಡುತ್ತದೆ. 2004ರಲ್ಲಿ ಲಿಯಾನ್, ಲೋಲಾ ಎಂಬ ಇಂಗ್ಲಿಷ್ ‘ಗಾಯಕರು’ ಬಂದರು. 2007ರ ಆಗಸ್ಟಿನಲ್ಲಿ ಬಂದ ಹತ್ಸುನೆ ಮಿಕು ಎಂಬ ನೀಲಿಹಸಿರು ಜಡೆಯ ಹುಡುಗಿಯಂತೂ ಸಭಾಂಗಣಗಳನ್ನು ತುಂಬಿಸಿದಳು. ಅವಳ ಹಿಂದಿದ್ದ ದನಿ ಸಾಕಿ ಫುಜಿತಾ ಎಂಬ ನಟಿಯದು. ಕೊರಿಯನ್, ಸ್ಪ್ಯಾನಿಷ್, ಚೀನೀ ಭಾಷೆಗಳ ಗಾಯಕರೂ ಬಂದರು. ಆ ಪಟ್ಟಿಯಲ್ಲಿ ಭಾರತೀಯ ಭಾಷೆ ಸೇರಲಿಲ್ಲ. ತುಣುಕು ಬೆಸೆಯುವವನಿಗೆ ನಮ್ಮ ಒತ್ತಕ್ಷರ, ಲಕಾರ ಳಕಾರಗಳ ಭೇದವೇ ಸಾಕಷ್ಟು ಕೆಲಸ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವನ್ನು ಕೇಳುವುದೇ ಬೇಡ!

ಇತ್ತೀಚಿನ ಕೃತಕ ಬುದ್ಧಿಮತ್ತೆ ಆ ಕಷ್ಟವನ್ನು ಬಹಳಮಟ್ಟಿಗೆ ಕಳೆದಿದೆ. ಮುದ್ರಿತ ಹಾಡುಗಳನ್ನು ಕೇಳಿ ಕೇಳಿ ಅದು ತಾನೇ ಕಲಿಯುತ್ತದೆ. 2025ರಲ್ಲಿ ‘ಲವ್ ಯೂ’ ಎಂಬ ಕನ್ನಡ ಚಿತ್ರಕ್ಕೆ ಹಾಡುಗಳನ್ನೂ ಸೇರಿಸಿ ಎಲ್ಲವನ್ನೂ ಹೀಗೆಯೇ ತಯಾರಿಸಲಾಯಿತು. ಗಾಯಕರು ಹೆಚ್ಚಿದ್ದಾರೆ, ನಿಜ. ಆದರೆ ಫುಜಿತಾ ಹಣ ಪಡೆದು, ತಿಳಿದೇ ದನಿ ಕೊಟ್ಟವರು. ಯಂತ್ರ ಕೇಳಿ ಕಲಿತ ಹಾಡುಗಳ ಗಾಯಕರನ್ನು ಯಾರೂ ಕೇಳಿರಬೇಕೆಂದೇನಿಲ್ಲ.

ಈ ಜಗಳ ದಕ್ಷಿಣಕ್ಕೂ ಬಂದಾಗಿದೆ. 2024ರಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ತಮಿಳು ಚಿತ್ರಕ್ಕಾಗಿ, ತೀರಿಹೋಗಿದ್ದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದರ ದನಿಯನ್ನು ಮತ್ತೆ ಹಾಡಿಸಿದರು. ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿದ್ದಾಗಿ ತಿಳಿಸಿದರು. ಅದೇ ವರ್ಷ, ನಾವು ಕನ್ನಡಿಗರು ಮನೆಯವರೆಂದೇ ತಿಳಿದಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೆ ಬಳಸಿದರೆಂದು ಅವರ ಮಗ ಚರಣ್ ತೆಲುಗು ಚಿತ್ರವೊಂದರ ತಯಾರಕರಿಗೆ ನೋಟಿಸು ಕಳಿಸಿದರು.

ಹೆಸರಾಂತರಿಗೆ ವಕೀಲರುಂಟು. ಸೋಬಾನೆ ಹೇಳುವ ಹೆಂಗಸರ ದನಿಯೂ ಇಂದು ಮದುವೆ, ಜಾತ್ರೆಗಳಲ್ಲಿ ಮೊಬೈಲುಗಳಿಗೆ ಸೇರುತ್ತಿದೆ. ಸಿರಿಯಜ್ಜಿಯಂಥವರ ಪದ ಹಟ್ಟಿಯವರೆಲ್ಲರದು, ಗಂಟಲು ಮಾತ್ರ ಅವರೊಬ್ಬರದು. ನಾಳೆ ಯಂತ್ರವೊಂದು ಅಂಥ ದನಿಯಲ್ಲಿ ಜಾಹೀರಾತು ಹಾಡಿದರೆ ಒಪ್ಪಿಗೆ ಕೇಳಬೇಕಾದದ್ದು ಯಾರನ್ನು?