ಪೀಪಾಯಿಯ ಸೈಡರೂ ಪ್ರಭುತ್ವದ ಸುಂಕವೂ

ಇಂಗ್ಲೆಂಡಿನ ನೈಋತ್ಯದ ಡೆವನ್ ಮತ್ತು ಸಾಮರ್‌ಸೆಟ್ ಪ್ರಾಂತಗಳಲ್ಲಿಯೂ, ಅವುಗಳಿಗೆ ಉತ್ತರದಲ್ಲಿ ವೇಲ್ಸಿನ ಗಡಿಗೆ ತಾಗಿಕೊಂಡಿರುವ ಹೆರೆಫರ್ಡ್ ಸೀಮೆಯಲ್ಲಿಯೂ, ಸೇಬಿನ ರಸವನ್ನು ಹುದುಗಿಸಿ ಮಾಡಿದ ಸೈಡರು ಶತಮಾನಗಳ ಕಾಲ ಒಕ್ಕಲುಮಕ್ಕಳ ನಿತ್ಯಪಾನವಾಗಿದ್ದಿತು. ಚಳಿಗಾಲದಲ್ಲಿ ಅದನ್ನೇ ಒಲೆಯ ಮೇಲಿಟ್ಟು, ಸಕ್ಕರೆ ಸಂಬಾರಗಳನ್ನು ಬೆರೆಸಿ, ಬಿಸಿಯಾಗಿ ಕುಡಿಯುವ ರೂಢಿಯೂ ಅಲ್ಲಿ ಹಳೆಯದೇ. ಇಂದಿನ ಪಾಕಪುಸ್ತಕಗಳಲ್ಲಿ ಹಬ್ಬದ ದಿನದ ಸಾಧುಪಾನೀಯವಾಗಿ ಕಾಣಿಸಿಕೊಳ್ಳುವ ಈ ಪದಾರ್ಥದ ಹಿಂದೆ ಒಂದು ಹಠಮಾರಿ ಚರಿತ್ರೆಯುಂಟು. ತನ್ನ ತೋಟದ ಹಣ್ಣನ್ನು ತಾನೇ ಅರೆದು, ತನ್ನ ಒಲೆಯ ಮೇಲೆ ತಾನೇ ಕಾಯಿಸಿ ಕುಡಿಯುವವನ ಹೊಸ್ತಿಲನ್ನು ಸರ್ಕಾರದವರು ದಾಟಬಹುದೇ ಕೂಡದೇ ಎಂಬ ವಿವಾದದಲ್ಲಿ ಈ ಬಡಪಾನೀಯವು ಮತ್ತೆ ಮತ್ತೆ ಸಿಕ್ಕಿಕೊಂಡಿತು.

ಸೈಡರಿನ ಸೇಬು ತಿನ್ನುವ ಸೇಬಲ್ಲ. ಕಚ್ಚಿದರೆ ನಾಲಗೆಯನ್ನು ಒಗರಿನಿಂದ ಹಿಡಿದಿಡುವಂಥದು. ಶರತ್ಕಾಲದಲ್ಲಿ ಉದುರಿದ ಹಣ್ಣನ್ನು ರಾಶಿ ಹಾಕಿ, ಮೆತ್ತಗಾಗುವವರೆಗೆ ಬಿಟ್ಟು, ವೃತ್ತಾಕಾರದ ಕಲ್ಲುದೋಣಿಯಲ್ಲಿ ಸುರಿಯುವರು. ನಮ್ಮ ಎಣ್ಣೆಗಾಣದ ಎತ್ತಿನಂತೆ ಅಲ್ಲಿ ಒಂದು ಕುದುರೆ ಸುತ್ತುತ್ತಾ ಗುಂಡುಕಲ್ಲನ್ನು ಉರುಳಿಸುವುದು. ಅರೆದ ಹಿಂಡಿಯನ್ನು ಡೆವನ್ನಿನವರು ಹುಲ್ಲಿನ ಪದರಗಳ ನಡುವೆಯೂ, ಹೆರೆಫರ್ಡಿನವರು ಕುದುರೆಗೂದಲಿನ ಬಟ್ಟೆಯಲ್ಲಿಯೂ ಒಟ್ಟಿ, ತಿರುಪಿನ ಒತ್ತುಯಂತ್ರದ ಕೆಳಗಿಟ್ಟು ರಸ ತೆಗೆಯುವರು. ಪೀಪಾಯಿ ಸೇರಿದ ಮೇಲೆ ಮನುಷ್ಯನಿಗೆ ಹೆಚ್ಚಿನ ಕೆಲಸವಿಲ್ಲ. ಹಣ್ಣಿನಲ್ಲಿಯೂ ಗಾಣದಲ್ಲಿಯೂ ಮೊದಲೇ ಮನೆಮಾಡಿಕೊಂಡಿರುವ ಹುದುಗು ಉಳಿದುದನ್ನು ನೋಡಿಕೊಳ್ಳುತ್ತದೆ. ಹಿಂಡಿ ಉಳಿದ ಚರಟಕ್ಕೆ ನೀರು ಹೊಯ್ದು ಮತ್ತೊಮ್ಮೆ ಹಿಂಡಿದ ತೆಳುವಾದ ಪಾನವೂ ಮನೆಮಂದಿಗೆ ಒದಗುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಹೆರೆಫರ್ಡಿನ ಸ್ಕುಡಮೋರ್ ಪ್ರಭುವು ರೆಡ್‌ಸ್ಟ್ರೀಕ್ ಎಂಬ ಸೇಬನ್ನು ಪ್ರಸಿದ್ಧಿಗೆ ತಂದನು. ಜಾನ್ ಈವ್‌ಲಿನ್ 1664ರಲ್ಲಿ ತನ್ನ ವನಗ್ರಂಥಕ್ಕೆ ಸೇಬು ಮತ್ತು ಸೈಡರುಗಳ ಮೇಲಣ ಅನುಬಂಧವೊಂದನ್ನು ಸೇರಿಸಿದನು. ಅಲ್ಲಿಂದ ಮುಂದೆ ಒಕ್ಕಲಿಗನ ಪಾನಕ್ಕೆ ವಿದ್ವಾಂಸರ ಮನ್ನಣೆಯೂ ದೊರೆಯಿತೆನ್ನಬೇಕು.

ಬಿಸಿಪಾನಗಳಲ್ಲೆಲ್ಲ ಅತ್ಯಂತ ರಮ್ಯವಾದುದು ‘ಕುರಿಮರಿಯ ಉಣ್ಣೆ’ ಎಂಬ ಹೆಸರಿನದು. ಸೇಬುಗಳನ್ನು ಬೆಂಕಿಯ ಮುಂದೆ ಸುಡಬೇಕು. ಸಿಪ್ಪೆ ಸುಕ್ಕುಗಟ್ಟಿ, ಸಿಡಿದು, ಒಳಗಿನ ತಿರುಳು ಬೆಳ್ಳಗೆ ಉಬ್ಬಿ ಹೊರಕ್ಕೆ ಬರುವ ವೇಳೆಗೆ ಅವನ್ನೆತ್ತಿ, ಸಕ್ಕರೆ ಬೆರೆಸಿ ಬೆಚ್ಚಗೆ ಕಾಯಿಸಿದ ಏಲ್ ಮದ್ಯದಲ್ಲಿಯೋ ಸೈಡರಿನಲ್ಲಿಯೋ ಬಿಡಬೇಕು. ಬಿಟ್ಟೊಡನೆ ಚುರ್ ಎಂದು ಸದ್ದಾಗಿ, ತಿರುಳು ಬಿಡಿಬಿಡಿಯಾಗಿ ತೇಲಿ, ಬೋಗುಣಿಯ ಮೇಲೆಲ್ಲ ಬಿಳಿಯ ನೊರೆ ಹರಡುತ್ತದೆ. ಅದರ ಮೇಲೆ ಜಾಯಿಕಾಯಿಯನ್ನು ತುರಿದು ಉದುರಿಸುವುದು. ಕುದಿಯಲು ಬಿಡಬಾರದು, ಬಿಟ್ಟರೆ ಮದ್ಯಸಾರ ಹಬೆಯೊಡನೆ ಹಾರಿಹೋಗಿ ಹುಳಿಯೊಂದೇ ಉಳಿಯುವುದು. ಡೆವನ್ನಿನ ಡೀನ್ ಪ್ರಯರ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಕವಿ ರಾಬರ್ಟ್ ಹೆರಿಕ್, 1648ರಲ್ಲಿ ಅಚ್ಚಾದ ತನ್ನ ಕವನಸಂಗ್ರಹದಲ್ಲಿ ಈ ಬೋಗುಣಿಯನ್ನು ಸಕ್ಕರೆ, ಜಾಯಿಕಾಯಿ, ಶುಂಠಿಗಳ ಸಮೇತ ಸ್ಮರಿಸಿದ್ದಾನೆ. ಲಂಡನ್ನಿನಿಂದ ದೂರವಾಗಿ ಹಳ್ಳಿಯಲ್ಲಿ ಬೇಸರಪಟ್ಟುಕೊಂಡಿದ್ದ ಆ ಮಹನೀಯನಿಗೆ ಪಾನದ ವಿಷಯದಲ್ಲಾದರೂ ಊರಿನ ಮೇಲೆ ದೂರಿರಲಿಲ್ಲವೆಂದು ತೋರುತ್ತದೆ.

ಹಣ್ಣು ಹಿತ್ತಲಿನದಾದರೂ ಸಂಬಾರ ಹಿತ್ತಲಿನದಲ್ಲ. ಶುಂಠಿ ಮಲಬಾರಿನಿಂದಲೂ ಕ್ರಮೇಣ ಜಮೈಕಾದಿಂದಲೂ, ಚಕ್ಕೆ ಸಿಂಹಳದಿಂದ, ಲವಂಗ ಮೊಲುಕ್ಕಾ ದ್ವೀಪಗಳಿಂದ ಬರಬೇಕಾಗಿದ್ದಿತು. ಜಾಯಿಕಾಯಿ ಬೆಳೆಯುತ್ತಿದ್ದುದಂತೂ ಬಾಂಡಾ ಎಂಬ ಸಣ್ಣ ದ್ವೀಪಸಮೂಹದಲ್ಲಿ. ಅವುಗಳಲ್ಲೊಂದಾದ ರನ್ ದ್ವೀಪದ ಹಕ್ಕನ್ನು ಇಂಗ್ಲಿಷರು 1667ರ ಬ್ರೆಡಾ ಒಪ್ಪಂದದಲ್ಲಿ ಡಚ್ಚರಿಗೆ ಬಿಟ್ಟುಕೊಟ್ಟು, ಅಮೆರಿಕದಲ್ಲಿ ಡಚ್ಚರಿಂದ ಗೆದ್ದುಕೊಂಡಿದ್ದ ಮ್ಯಾನ್‌ಹಟ್ಟನ್ ನೆಲವನ್ನು ತಮ್ಮಲ್ಲೇ ಉಳಿಸಿಕೊಂಡರು. ಸ್ಥಿತಿವಂತರು ಜಾಯಿಕಾಯಿಗೆಂದೇ ಬೆಳ್ಳಿಯ ಪುಟ್ಟ ತುರಿಮಣೆಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು.

ಜನವರಿಯಲ್ಲಿ ತೋಟಕ್ಕೂ ಸೈಡರಿನ ಪಾಲು ಸಲ್ಲುತ್ತಿತ್ತು. ಊರವರು ಹಿರಿಯ ಮರವೊಂದರ ಬುಡಕ್ಕೆ ಸೈಡರು ಹೊಯ್ದು, ಅದರಲ್ಲಿ ನೆನೆಸಿದ ಸುಟ್ಟ ರೊಟ್ಟಿಯನ್ನು ಕೊಂಬೆಗೆ ಸಿಕ್ಕಿಸಿ, ಹಾಡಿ, ಬಂದೂಕು ಹಾರಿಸಿ, ಬರುವ ವರ್ಷದ ಫಸಲನ್ನು ಬೇಡುವರು. 1752ರಲ್ಲಿ ಪಾರ್ಲಿಮೆಂಟು ಪಂಚಾಂಗವನ್ನು ತಿದ್ದಿ ಹನ್ನೊಂದು ದಿನಗಳನ್ನು ಅಳಿಸಿಹಾಕಿದರೂ, ಸಾಮರ್‌ಸೆಟ್ಟಿನ ಕಾರ್‌ಹ್ಯಾಂಪ್ಟನ್ ಗ್ರಾಮದವರು ಹಳೆಯ ಲೆಕ್ಕವನ್ನು ಬಿಡದೆ ಇಂದಿಗೂ ಜನವರಿ 17ರಂದೇ ಈ ಆಚರಣೆಯನ್ನು ನಡೆಸುತ್ತಾರೆ.

ಪಂಚಾಂಗದ ವಿಷಯದಲ್ಲಿಯೇ ಇಷ್ಟು ಬಿಗಿಯಾದ ಜನ ಸುಂಕವನ್ನು ಹೇಗೆ ಸಹಿಸಿಯಾರು? ಏಳು ವರ್ಷಗಳ ಯುದ್ಧದಿಂದ ಸಾಲದಲ್ಲಿ ಮುಳುಗಿದ್ದ ಸರ್ಕಾರವು 1763ರಲ್ಲಿ, ಬ್ಯೂಟ್ ಪ್ರಭುವಿನ ಮಂತ್ರಿತ್ವದಲ್ಲಿ, ದೊಡ್ಡ ಪೀಪಾಯಿಯೊಂದಕ್ಕೆ 4 ಶಿಲ್ಲಿಂಗಿನಂತೆ ಸೈಡರಿನ ಮೇಲೆ ಸುಂಕ ಹೇರಿತು. ಮಾರುವವನಷ್ಟೇ ಅಲ್ಲ, ಮಾಡುವವನೂ ಅದಕ್ಕೆ ಗುರಿಯಾದನು. ಪೀಪಾಯಿಗಳನ್ನು ಎಣಿಸುವುದಕ್ಕಾಗಿ ಅಬಕಾರಿಯವನು ಗೃಹಸ್ಥನ ನೆಲಮಾಳಿಗೆಗೆ ಇಳಿಯುವ ಅಧಿಕಾರ ಪಡೆದನು. ಜನ ಕೆರಳಿದುದು ನಾಲ್ಕು ಶಿಲ್ಲಿಂಗಿಗಿಂತ ಹೆಚ್ಚಾಗಿ ಈ ಪ್ರವೇಶದ ಸಲುವಾಗಿಯೇ ಎಂದು ನನ್ನ ಎಣಿಕೆ. ಸೈಡರಿನ ಸೀಮೆಗಳಲ್ಲಿ ಸಭೆಗಳು ಸೇರಿದವು, ಅರ್ಜಿಗಳು ಹೋದವು, ಮಂತ್ರಿಯ ಪ್ರತಿಕೃತಿಗಳು ಸುಟ್ಟವು. ವಿಲಿಯಂ ಪಿಟ್ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಪ್ರಜೆಯ ಮನೆಯ ಪಾವಿತ್ರ್ಯದ ಪಕ್ಷವಾಗಿ ವಾದಿಸಿದನು. ಶಾಸನವಾದ ಕೆಲವೇ ದಿನಗಳಲ್ಲಿ ಬ್ಯೂಟ್ ಪದವಿಯನ್ನು ತ್ಯಜಿಸಿದನಾದರೂ ಅದಕ್ಕೆ ಕಾರಣ ಇದೊಂದೇ ಅಲ್ಲ. ಸುಂಕವು 1766ರಲ್ಲಿ ರದ್ದಾಯಿತು.

ಇದರ ಮರುವರ್ಷವೇ, ಡೆವನ್ನಿನವನೇ ಆದ ಜಾರ್ಜ್ ಬೇಕರ್ ಎಂಬ ವೈದ್ಯನು, ಆ ಪ್ರಾಂತವನ್ನು ಬಹುಕಾಲದಿಂದ ಕಾಡುತ್ತಿದ್ದ ಉದರಶೂಲೆಗೂ ಪಾರ್ಶ್ವವಾಯುವಿಗೂ ಕಾರಣ ಸೈಡರಲ್ಲ, ಗಾಣದ ಕಲ್ಲುಗಳ ಸಂದಿಗೆ ತುಂಬಿದ ಸೀಸ ಎಂದು ತೋರಿಸಿಕೊಟ್ಟನು. ಹುಳಿಯಾದ ರಸವು ಸೀಸವನ್ನು ಕರಗಿಸಿ ತನ್ನೊಡನೆ ಒಯ್ಯುತ್ತಿತ್ತು. ತಮ್ಮ ಪಾನದ ಮೇಲೆ ದೂಷಣೆ ಬಂದಿತೆಂದು ಮೊದಲಿಗೆ ಅಲ್ಲಿಯವರು ಅವನ ಮೇಲೆಯೇ ಸಿಟ್ಟಾದರು. ಸೀಸ ಹೋದಂತೆ ರೋಗವೂ ಇಳಿಯಿತು. ಕೃಷಿಕೂಲಿಯ ಒಂದು ಭಾಗವನ್ನು ಸೈಡರಿನಲ್ಲಿಯೇ ಅಳೆದುಕೊಡುತ್ತಿದ್ದ ಪದ್ಧತಿಯನ್ನು ಮಾತ್ರ 1887ರ ಶಾಸನವೊಂದು ನಿಷೇಧಿಸಿತು, ಮತ್ತು ಇದಕ್ಕಾಗಿ ಸರ್ಕಾರವನ್ನು ಬೈಯುವುದು ನ್ಯಾಯವಲ್ಲ.

ಸಮುದ್ರ ದಾಟಿ ಅಮೆರಿಕಕ್ಕೆ ಹೋದ ಇಂಗ್ಲಿಷರು ಸೇಬಿನ ಬೀಜಗಳನ್ನೂ ಒಯ್ದರು. ಬೀಜದಿಂದ ಹುಟ್ಟಿದ ಸೇಬು ತಾಯಿಮರವನ್ನು ಹೋಲದೆ ಹೆಚ್ಚಾಗಿ ಹುಳಿಯಾಗುವುದರಿಂದ, ನ್ಯೂ ಇಂಗ್ಲೆಂಡಿನ ಹಣ್ಣೆಲ್ಲ ಬಹುಪಾಲು ಪೀಪಾಯಿಗೇ ಸೇರಿತು. ಅಲ್ಲಿ ಪಾನನಿರೋಧದ ಚಳವಳಿ ಬಲಿತು, 1919ರ ವೋಲ್‌ಸ್ಟೆಡ್ ಶಾಸನವು ಮದ್ಯವನ್ನೆಲ್ಲ ನಿಷೇಧಿಸಿದಾಗಲೂ, ಮನೆಬಳಕೆಗೆಂದು ಮನೆಯಲ್ಲಿಯೇ ತೆಗೆದ, ಅಮಲೇರದ ಸೈಡರಿಗೂ ಹಣ್ಣಿನ ರಸಕ್ಕೂ ವಿನಾಯಿತಿಯನ್ನಿತ್ತಿತು. ಅಮೆರಿಕದ ಗೃಹಿಣಿಯರು ಇಂದು ಚಕ್ಕೆ, ಲವಂಗ, ಕಿತ್ತಳೆಯ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುವುದು ಇಂಥ ಹುದುಗದ ರಸವನ್ನೇ. ಶಾಸನಕರ್ತರು ಅಮಲೇರದ ರಸವನ್ನು ಮನೆಯೊಳಗೆ ಬಿಟ್ಟರು; ಆದರೆ ಅಕ್ಟೋಬರಿನಲ್ಲಿ ಹಿಂಡಿ ಕೆಳಮನೆಯ ಮೂಲೆಯಲ್ಲಿಟ್ಟ ಜಾಡಿಯು, ಯಾರ ಅಪ್ಪಣೆಯನ್ನೂ ಕೇಳದೆ, ಕ್ರಿಸ್‌ಮಸ್ಸಿನ ವೇಳೆಗೆ ತಾನಾಗಿಯೇ ಶಾಸನವನ್ನು ಉಲ್ಲಂಘಿಸಿರುತ್ತಿತ್ತು.